ಒಂದು ಮಿಲಿಮೀಟರಿಗಾಗಿ ಲೆನ್ಸ್ ಬದಲಿಸಬೇಕೆ?

ಓದುಗರ ಪ್ರಶ್ನೆಗಳಿಗೆ ಉತ್ತರ: ಛಾಯಾಗ್ರಹಣ

ಪ್ರಶ್ನೆ: ನಾನು ವಿಜಯಪುರದಲ್ಲಿ ಸಣ್ಣದೊಂದು ಸ್ಟುಡಿಯೊ ನಡೆಸುತ್ತೇನೆ. ಮದುವೆ, ಕುಪ್ಪಸ, ಮನೆ ಪ್ರವೇಶದ ಕೆಲಸಗಳು ಜೀವನೋಪಾಯಕ್ಕೆ. ಬಿಡುವಾದಾಗ ಆದಿಲ್‌ಶಾಹಿ ಕಟ್ಟಡಗಳನ್ನೂ ಬಾದಾಮಿ, ಪಟ್ಟದಕಲ್ಲು, ಐಹೊಳೆಯ ಗುಡಿಗಳನ್ನೂ ಚಿತ್ರಿಸುವುದು ನನ್ನ ಬಹುದಿನದ ಆಸೆ. ನನ್ನಲ್ಲಿ ಕ್ಯಾನನ್ 80ಡಿ ಕ್ಯಾಮೆರಾ, ಟೋಕಿನಾ 11–16 ಮಿ.ಮೀ. ಎಫ್ 2.8 ಲೆನ್ಸ್ ಇವೆ. ಪರಿಚಿತರೊಬ್ಬರು ತಮ್ಮ ಕ್ಯಾನನ್ ಇಎಫ್-ಎಸ್ 10–18 ಮಿ.ಮೀ. ಐಎಸ್ ಎಸ್‌ಟಿಎಂ ಲೆನ್ಸನ್ನು ಮಾರುವವರಿದ್ದಾರೆ. ಟೋಕಿನಾ ಮಾರಿ ಅದನ್ನು ಕೊಳ್ಳಲೇ? ಒಂದು ಮಿಲಿಮೀಟರಿನಷ್ಟು ಹೆಚ್ಚು ಅಗಲ ಸಿಗುತ್ತದೆ, ಕೈನಡುಕ ತಡೆಯುವ ವ್ಯವಸ್ಥೆಯೂ (ಐಎಸ್) ಇದೆ. ಆದರೆ ಹೆಚ್ಚು ಬೆಳಕು ಒಳಬಿಡುವ ಎಫ್ 2.8 ಕೈಬಿಟ್ಟು ಹೋಗುತ್ತದೆ. ಇನ್ನೊಬ್ಬ ಗೆಳೆಯರು, ಎರಡೂ ಬೇಡ, ಒಂದಿಷ್ಟು ದಿನ ತಡೆದು, ಚಿತ್ರ ಮೂಡುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾ ಮತ್ತು 16–35 ಲೆನ್ಸಿಗೇ ಹೋಗಿ ಎನ್ನುತ್ತಾರೆ. ತಮ್ಮ ಸಲಹೆ ಬೇಕು.
– ಓದುಗರೊಬ್ಬರು, ವಿಜಯಪುರ

ಉತ್ತರ: ತಾವು ಕೊಳ್ಳಬೇಕೆಂದಿರುವ ಲೆನ್ಸ್ ತಮ್ಮ ಸ್ಮಾರಕಗಳ ಕೆಲಸಕ್ಕೆ ಒಳ್ಳೆಯದೇ. ಆದರೆ ಅದು ಒಳ್ಳೆಯದಾಗಿರುವುದು ತಾವು ಮೊದಲು ಹೇಳಿರುವ ಕಾರಣಕ್ಕಲ್ಲ, ಎರಡನೆಯದಾಗಿ ಹೇಳಿರುವ ಕಾರಣಕ್ಕೆ. ಒಂದು ಮಿಲಿಮೀಟರಿನ ಅಗಲಕ್ಕಾಗಿ ಲೆನ್ಸ್ ಬದಲಿಸಿದರೆ ಕೆಲವೇ ದಿನಗಳಲ್ಲಿ ನಿರಾಸೆಯಾದೀತು. ಕೈಯಲ್ಲೇ ಕ್ಯಾಮೆರಾ ಹಿಡಿದು ನಸುಗತ್ತಲಿನ ಒಳಾಂಗಣಗಳನ್ನು ಚಿತ್ರಿಸುವ ಅನುಕೂಲಕ್ಕಾಗಿ ಬದಲಿಸಿದರೆ ಕೊಟ್ಟ ಹಣ ಸಾರ್ಥಕವಾಗುತ್ತದೆ. ಮದುವೆಯ ಕೆಲಸದ ಲೆಕ್ಕ ಮಾತ್ರ ಬೇರೆಯೇ ಇದೆ, ಅದನ್ನು ಮುಂದೆ ನೋಡೋಣ.

ಮೊದಲು ಅಗಲದ ಮಾತು. ಲೆನ್ಸಿನ ಮಿ.ಮೀ. ಸಂಖ್ಯೆ (ಫೋಕಲ್ ಲೆಂತ್) ಕಡಿಮೆಯಾದಷ್ಟೂ ನೋಟ ಅಗಲವಾಗುತ್ತದೆ. 80ಡಿ ಕ್ಯಾಮೆರಾದ ಸೆನ್ಸರಿನ ಅಗಲ 22.5 ಮಿ.ಮೀ. ಅದರ ಮೇಲೆ 11 ಮಿ.ಮೀ. ಲೆನ್ಸ್ ಅಡ್ಡಲಾಗಿ ಸುಮಾರು 91 ಡಿಗ್ರಿ ನೋಡಿದರೆ 10 ಮಿ.ಮೀ. ಲೆನ್ಸ್ ಸುಮಾರು 97 ಡಿಗ್ರಿ ನೋಡುತ್ತದೆ. 50 ಮತ್ತು 51 ಮಿ.ಮೀ. ನಡುವಿನ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು. ಈ ಕಡೆಯ ತುದಿಯಲ್ಲಿ ಅದೇ ಒಂದು ಮಿಲಿಮೀಟರ್ ಆರು ಡಿಗ್ರಿಯಷ್ಟು ಬೆಲೆಯುಳ್ಳದ್ದು ಎಂಬುದು ನಿಜ. ಆದರೆ ಆ ಆರು ಡಿಗ್ರಿ ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ತಮ್ಮ ಊರಿನ ಕಟ್ಟಡಗಳ ಮೇಲೆಯೇ ಲೆಕ್ಕ ಹಾಕಿ ನೋಡಬಹುದು.

ಗೋಳಗುಮ್ಮಟದ ಎತ್ತರ ಸುಮಾರು 50 ಮೀಟರ್ ಎಂದಿಟ್ಟುಕೊಳ್ಳೋಣ. ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣಬಾರದು ಎಂದರೆ ಕ್ಯಾಮೆರಾವನ್ನು ಮೇಲಕ್ಕೆತ್ತದೆ ಸಮತಟ್ಟಾಗಿ ಹಿಡಿಯಬೇಕು. ಕ್ಯಾಮೆರಾವನ್ನು ಉದ್ದುದ್ದಕ್ಕೆ ತಿರುಗಿಸಿ, ಕಣ್ಣಿನ ಮಟ್ಟದಲ್ಲಿ ಸಮವಾಗಿ ಹಿಡಿದು ಇಡೀ ಗುಮ್ಮಟವನ್ನು ಚೌಕಟ್ಟಿನೊಳಗೆ ತರಲು 11 ಮಿ.ಮೀ.ನಲ್ಲಿ ಸುಮಾರು 47 ಮೀಟರ್ ದೂರ ನಿಲ್ಲಬೇಕಾಗುತ್ತದೆ, 10 ಮಿ.ಮೀ.ನಲ್ಲಿ ಸುಮಾರು 43 ಮೀಟರ್. ಅಂದರೆ ತಾವು ಹಣ ಕೊಟ್ಟು ಕೊಳ್ಳುವುದು ನಾಲ್ಕು ಮೀಟರ್ ಜಾಗವನ್ನು. ಗುಮ್ಮಟದ ಮುಂದಿನ ಬಯಲಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿಯಲು ಯಾವ ಅಡ್ಡಿಯೂ ಇಲ್ಲ. ಬಾರಾ ಕಮಾನಿನ ಅಂಗಳದಲ್ಲಿಯೂ ತಾಜ್ ಬಾವಡಿಯ ದೊಡ್ಡ ಕಮಾನಿನ ಎದುರಿನಲ್ಲಿಯೂ ಮಾತು ಇಷ್ಟೇ. ಹೀಗೆ ತೆಗೆದ ಚಿತ್ರದ ಕೆಳಗಿನ ಅರ್ಧ ಬರೀ ನೆಲ ಮತ್ತು ಹುಲ್ಲಿನಿಂದ ತುಂಬಿರುತ್ತದೆ ಎಂದು ಬೇಸರಪಡಬೇಕಾಗಿಲ್ಲ. 80ಡಿಯ 24 ಮೆಗಾಪಿಕ್ಸೆಲ್‌ನಲ್ಲಿ ಆ ನೆಲವನ್ನು ಕತ್ತರಿಸಿ ತೆಗೆದರೂ ಗೋಡೆಗೆ ತೂಗುಹಾಕುವಷ್ಟು ದೊಡ್ಡ ಮುದ್ರಣಕ್ಕೆ ಸಾಕಾಗುವ ಚಿತ್ರ ಉಳಿಯುತ್ತದೆ.

ಗುಮ್ಮಟದ ಒಳಗೂ ಈ ಒಂದು ಮಿಲಿಮೀಟರ್ ನಿರ್ಣಾಯಕವಲ್ಲ. ಒಳಗಿನ ಸಭಾಂಗಣದ ಒಂದೊಂದು ಬದಿ ಸುಮಾರು 41 ಮೀಟರ್ ಇದೆ. ಒಂದು ಗೋಡೆಗೆ ಬೆನ್ನು ಹಚ್ಚಿ ನಿಂತು ಕ್ಯಾಮೆರಾವನ್ನು ಉದ್ದುದ್ದಕ್ಕೆ ಹಿಡಿದರೆ ಎದುರಿನ ಗೋಡೆಯ ಮೇಲೆ 11 ಮಿ.ಮೀ. ಸುಮಾರು 43 ಮೀಟರ್ ಎತ್ತರದವರೆಗೆ, 10 ಮಿ.ಮೀ. ಸುಮಾರು 47 ಮೀಟರ್ ಎತ್ತರದವರೆಗೆ ನೋಡುತ್ತದೆ. ಪಿಸುಮಾತಿನ ಮೊಗಸಾಲೆ ಇರುವುದು ಸುಮಾರು 33 ಮೀಟರ್ ಎತ್ತರದಲ್ಲಿ. ಆದ್ದರಿಂದ ಒಂದನ್ನೊಂದು ಛೇದಿಸಿ ಏರುವ ಆ ಕಮಾನುಗಳೂ ಮೊಗಸಾಲೆಯ ಅಂಚೂ ಎರಡು ಲೆನ್ಸುಗಳಿಗೂ ದಕ್ಕುತ್ತವೆ, ಗುಮ್ಮಟದ ನೆತ್ತಿ ಎರಡಕ್ಕೂ ದಕ್ಕುವುದಿಲ್ಲ. ನೆತ್ತಿ ಬೇಕೆಂದರೆ ಕ್ಯಾಮೆರಾವನ್ನು ಎತ್ತಲೇಬೇಕು.

ಹಾಗಾದರೆ 10 ಮಿ.ಮೀ. ಎಲ್ಲಿ ಬೇಕಾಗುತ್ತದೆ? ಬೆನ್ನಹಿಂದೆ ಕಲ್ಲಿದ್ದು, ಹಿಂದೆ ಸರಿಯಲು ಎಡೆಯೇ ಇಲ್ಲದ ಕಡೆಯಲ್ಲಿ. ಇಬ್ರಾಹಿಂ ರೋಜಾದ ಗೋರಿಯ ಕೋಣೆಯ ಸುತ್ತಲಿನ ಕಮಾನು ಪಡಸಾಲೆಯನ್ನು ನೆನಪಿಸಿಕೊಳ್ಳಿ: ಗೋಡೆಯ ತುಂಬ ಬರಹದ ಕೆತ್ತನೆ, ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಿಟಕಿಗಳು, ಹಿಂದೆ ಕಂಬಗಳ ಸಾಲು. ಅಂಥ ಕಡೆ ನಾಲ್ಕು ಮೀಟರ್ ಅಂತರ ಸಿಕ್ಕಿತೆಂದರೆ 11 ಮಿ.ಮೀ.ನಲ್ಲಿ ಗೋಡೆಯ ಸುಮಾರು 8.2 ಮೀಟರ್ ಅಗಲ, 10 ಮಿ.ಮೀ.ನಲ್ಲಿ ಸುಮಾರು 9 ಮೀಟರ್ ಅಗಲ ಚೌಕಟ್ಟಿಗೆ ಬರುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಂಬಗಳ ನಡುವೆ, ಬೆಳಗಾವಿ ಕೋಟೆಯ ಕಮಲ ಬಸದಿಯ ಮಂಟಪದಲ್ಲಿ ಕೂಡ ಈ ಮುಕ್ಕಾಲು ಮೀಟರ್ ಕೆಲವೊಮ್ಮೆ ಒಂದು ಕಂಬ ಪೂರ್ತಿ ಬರುವುದಕ್ಕೂ ಅರ್ಧ ಕತ್ತರಿಸಿ ಹೋಗುವುದಕ್ಕೂ ಇರುವ ವ್ಯತ್ಯಾಸವಾಗುತ್ತದೆ. ಇನ್ನೊಂದು ಉಪಯೋಗವನ್ನು ಅನೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ: ಮೇಲಕ್ಕೆತ್ತಿ ತೆಗೆದ ಚಿತ್ರದ ವಾಲಿದ ಗೆರೆಗಳನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದಾಗ ಬದಿಗಳೆರಡೂ ಕತ್ತರಿಸಿ ಹೋಗುತ್ತವೆ. ಮೊದಲೇ ಒಂದಿಷ್ಟು ಹೆಚ್ಚು ಅಗಲವಾಗಿ ತೆಗೆದಿದ್ದರೆ ಆ ನಷ್ಟವನ್ನು ಭರಿಸಬಹುದು.

ಇನ್ನೊಂದು ತುದಿಯನ್ನು ತಾವು ಪ್ರಸ್ತಾಪಿಸಿಯೇ ಇಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅದು ಈ ತುದಿಗಿಂತ ಹೆಚ್ಚು ಮುಖ್ಯ. ಟೋಕಿನಾ 16ಕ್ಕೆ ನಿಲ್ಲುತ್ತದೆ, ಕ್ಯಾನನ್ 18ರವರೆಗೆ ಹೋಗುತ್ತದೆ. ಅಡ್ಡಲಾಗಿ ನೋಡುವ ಕೋನ 70 ಡಿಗ್ರಿಯಿಂದ 64ಕ್ಕೆ ಇಳಿಯುತ್ತದೆ. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರ ಶಾಸನವುಳ್ಳದ್ದು, ಅದರ ಮೊಗಸಾಲೆಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವಿನ ಹತ್ತಿರ ಹೋಗಿ 10 ಅಥವಾ 11 ಮಿ.ಮೀ.ನಲ್ಲಿ ತೆಗೆದರೆ ಕ್ಯಾಮೆರಾಕ್ಕೆ ಹತ್ತಿರವಿರುವ ಮೊಣಕಾಲು ಉಬ್ಬಿ, ಮೇಲಿರುವ ಕಿರೀಟ ಕುಗ್ಗಿ, ಶಿಲ್ಪಿ ಇಟ್ಟ ಪ್ರಮಾಣವೇ ಕೆಟ್ಟುಹೋಗುತ್ತದೆ. ವಿಗ್ರಹಗಳಿಗೆ ಅತಿ ವಿಶಾಲ ಲೆನ್ಸ್ ಒಗ್ಗುವುದಿಲ್ಲ. ಎಷ್ಟು ಸಾಧ್ಯವೋ ಅಷ್ಟು ಹಿಂದೆ ನಿಂತು 18ರಲ್ಲಿ, ಸಾಧ್ಯವಿದ್ದರೆ 24 ಅಥವಾ 35ರಲ್ಲಿ ತೆಗೆಯಬೇಕು. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನಂತೂ ಹೊರಗಿನ ಬಂಡೆಯಲ್ಲೇ ಇದ್ದಾನೆ. ಅವನಿಗೆ ಸಾಧಾರಣ ಲೆನ್ಸೇ ಸಾಕು. ಗುಹೆಯ ವಿನ್ಯಾಸ, ಕಂಬಗಳ ಸಾಲು, ಚಾವಣಿ ಇವುಗಳನ್ನು ಒಟ್ಟಾಗಿ ತೋರಿಸಬೇಕಾದಾಗ ಮಾತ್ರ ಅತಿ ವಿಶಾಲ ಲೆನ್ಸಿಗೆ ಕೆಲಸವಿದೆ.

ಈಗ ಬೆಳಕಿನ ವಿಚಾರ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ (ಅಪರ್ಚರ್) ಚಿಕ್ಕದಾಗಿ ಒಳಬರುವ ಬೆಳಕು ಕಡಿಮೆಯಾಗುತ್ತದೆ. ಬೆಳಕು ಇಮ್ಮಡಿಯಾಗುವ ಅಥವಾ ಅರ್ಧವಾಗುವ ಒಂದು ಹಂತಕ್ಕೆ ಸ್ಟಾಪ್ ಎನ್ನುತ್ತೇವೆ. ಟೋಕಿನಾದ ಎಫ್ 2.8ರಿಂದ ಕ್ಯಾನನ್ ಲೆನ್ಸಿನ 4.5ಕ್ಕೆ ಇಳಿದರೆ ಹೆಚ್ಚುಕಡಿಮೆ ಒಂದೂವರೆ ಸ್ಟಾಪ್ ನಷ್ಟ, ಅಂದರೆ ಬೆಳಕು ಸುಮಾರು 2.6 ಪಟ್ಟು ಕಡಿಮೆ. 18 ಮಿ.ಮೀ. ತುದಿಯಲ್ಲಿ ಎಫ್ 5.6 ಆಗುವುದರಿಂದ ಅಲ್ಲಿ ನಷ್ಟ ನಾಲ್ಕು ಪಟ್ಟು. ಅಂಕಿಗಳನ್ನು ಮಾತ್ರ ನೋಡಿದರೆ ಇದು ದೊಡ್ಡ ಹಾನಿಯೇ. ಆದರೆ ನಿಂತಲ್ಲೇ ನಿಂತಿರುವ ಕಲ್ಲಿನ ಚಿತ್ರಕ್ಕೆ ಈ ಲೆಕ್ಕ ಬದಲಾಗುತ್ತದೆ. ಗುಮ್ಮಟದೊಳಗೆ 1600 ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ), ಎಫ್ 2.8ರಲ್ಲಿ ಸೆಕೆಂಡಿನ ಹದಿನೈದನೆಯ ಒಂದು ಭಾಗ ಸರಿಹೋಗುತ್ತದೆ ಎನ್ನೋಣ. ಟೋಕಿನಾ ಹಿಡಿದ ಕೈಗೆ ಅದೇ ಸುಮಾರಾಗಿ ಕೊನೆಯ ಮಿತಿ. 4.5ರಲ್ಲಿ ಅದು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕ್ಯಾನನ್ ಲೆನ್ಸಿನ ಕೈನಡುಕ ತಡೆಯುವ ವ್ಯವಸ್ಥೆಗೆ ಕಂಪನಿ ಹೇಳುವ ಶಕ್ತಿ ನಾಲ್ಕು ಸ್ಟಾಪ್. ಅದರಲ್ಲಿ ಒಂದನ್ನು ಕಳೆದು ಮೂರೇ ಎಂದು ಹಿಡಿದರೂ ಅರ್ಧ ಸೆಕೆಂಡಿನವರೆಗೆ ಕೈಯಲ್ಲೇ ತೆಗೆಯಬಹುದು. ಹೀಗೆ ಒಂದೂವರೆ ಸ್ಟಾಪ್ ಕಳೆದುಕೊಂಡು ಮೂರು ಸ್ಟಾಪ್ ಗಳಿಸಿದಂತಾಯಿತು.

ಇದಕ್ಕಿಂತ ಬಲವಾದ ಮಾತು ಇನ್ನೊಂದಿದೆ. ಯಾವ ಅತಿ ವಿಶಾಲ ಲೆನ್ಸನ್ನೇ ಆಗಲಿ ಪೂರ್ತಿ ತೆರೆದು ಬಳಸಿದಾಗ ಮೂಲೆಗಳು ಮೆತ್ತಗಾಗುತ್ತವೆ. ವಾಸ್ತುಶಿಲ್ಪದ ಚಿತ್ರದಲ್ಲಿ ಮೂಲೆಯೂ ನಡುವಿನಷ್ಟೇ ಮುಖ್ಯವಾದ್ದರಿಂದ 5.6 ಅಥವಾ 8ಕ್ಕೆ ಮುಚ್ಚಲೇಬೇಕಾಗುತ್ತದೆ. ಹಾಗೆ ಮುಚ್ಚಿದೊಡನೆ ಟೋಕಿನಾದ 2.8ಕ್ಕೆ ಕೊಟ್ಟ ಬೆಲೆ ಆ ಚಿತ್ರದ ಮಟ್ಟಿಗೆ ಕೆಲಸಕ್ಕೆ ಬಾರದು, ಕೈನಡುಕ ತಡೆಯುವ ವ್ಯವಸ್ಥೆ ಮಾತ್ರ ಉಪಯೋಗಕ್ಕೆ ಉಳಿಯುತ್ತದೆ. ಟ್ರೈಪಾಡ್ ಇದ್ದಿದ್ದರೆ ಈ ವಾದಕ್ಕೆ ಎಡೆಯಿರುತ್ತಿರಲಿಲ್ಲ. ಆದರೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮುಂಚಿತ ಅನುಮತಿಯಿಲ್ಲದೆ ಟ್ರೈಪಾಡ್ ಊರುವಂತಿಲ್ಲ. ತಾವು ಹೆಸರಿಸಿದ ಸ್ಥಳಗಳೆಲ್ಲ ಬಹುಮಟ್ಟಿಗೆ ಅಂಥವೇ. ನೆತ್ತಿಯ ಚಿತ್ರ ಬೇಕಾದಾಗ ಮಾತ್ರ ಒಂದು ಸುಲಭ ದಾರಿಯಿದೆ: ಮೆತ್ತನೆಯ ಬಟ್ಟೆಯ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಹತ್ತು ಸೆಕೆಂಡಿನ ಟೈಮರ್ ಹಾಕಿ ದೂರ ಸರಿಯಬೇಕು. ಕಮಲ ಬಸದಿಯ ಚಾವಣಿಯಿಂದ ಇಳಿದ ಕಲ್ಲಿನ ಕಮಲಕ್ಕೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಆಗ ನಡುಕ ತಡೆಯುವ ಗುಂಡಿಯನ್ನು ಆಫ್ ಮಾಡಿಡಬೇಕು.

ಮದುವೆಯ ಕೆಲಸದಲ್ಲಿ ಇದೇ ತರ್ಕ ತಲೆಕೆಳಗಾಗುತ್ತದೆ. ನಡುಕ ತಡೆಯುವ ವ್ಯವಸ್ಥೆ ತಮ್ಮ ಕೈಯ ಅಲುಗಾಟವನ್ನು ಮಾತ್ರ ತಡೆಯುತ್ತದೆ, ಎದುರಿಗಿರುವವರ ಅಲುಗಾಟವನ್ನಲ್ಲ. ಅಕ್ಕಿಕಾಳು ಎರಚುವ ಕೈಗಳನ್ನೂ ಅಂಗಳದಲ್ಲಿ ಸುರಗಿ ಸುತ್ತುವವರನ್ನೂ ನಿಲ್ಲಿಸಿ ಹಿಡಿಯಲು ಸೆಕೆಂಡಿನ 125ನೆಯ ಒಂದು ಭಾಗವಾದರೂ ಬೇಕು. ರಾತ್ರಿಯ ದೀಪದ ಬೆಳಕಿನಲ್ಲಿ ಎಫ್ 2.8ರಲ್ಲಿ 3200 ಐಎಸ್‌ಒಗೆ ಬರುವ ಚಿತ್ರ 4.5ರಲ್ಲಿ 8000ದ ಮೇಲೆ ಕೇಳುತ್ತದೆ. ಆ ಮಟ್ಟದಲ್ಲಿ 80ಡಿ ಕ್ಯಾಮೆರಾದ ಚಿತ್ರದಲ್ಲಿ ಕಾಳುಕಾಳು ಎದ್ದು ಮೈಬಣ್ಣ ಕೆಡುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ರಾತ್ರಿ ಜನಸಂದಣಿಯ ನಡುವೆ ನಿಂತು ತೆಗೆಯುವ ಅಭ್ಯಾಸವಿದ್ದರೂ ಇದೇ ಮಾತು ಅನ್ವಯಿಸುತ್ತದೆ. ಫ್ಲ್ಯಾಶ್ ಹಾಕಿಯೇ ತೆಗೆಯುವವರಿಗೆ ಈ ನಷ್ಟ ಅಷ್ಟಾಗಿ ತಟ್ಟುವುದಿಲ್ಲ. ಇರುವ ಬೆಳಕಿನಲ್ಲೇ ತೆಗೆಯುವವರಿಗೆ ಚೆನ್ನಾಗಿಯೇ ತಟ್ಟುತ್ತದೆ. ಸಾಲುಚಿತ್ರದ ಅಂಚಿನಲ್ಲಿ ನಿಂತ ಬೀಗರು ದಪ್ಪಗೆ ಹಿಗ್ಗಿ ಕಾಣುವ ದೋಷಕ್ಕೆ ಮಾತ್ರ ಎರಡು ಲೆನ್ಸುಗಳಲ್ಲಿಯೂ ಪರಿಹಾರವಿಲ್ಲ. ಅದು ಅಗಲವಾದ ನೋಟದ ಸ್ವಭಾವ. ಅಂಥ ಚಿತ್ರಕ್ಕೆ ಬೇರೆ ಲೆನ್ಸನ್ನೇ ಹಾಕಬೇಕು.

ಸಣ್ಣ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಟೋಕಿನಾದ ತೂಕ ಸುಮಾರು 550 ಗ್ರಾಂ, ಕ್ಯಾನನ್ನಿನದು 240 ಗ್ರಾಂ; ಬಾದಾಮಿಯ ಮೆಟ್ಟಿಲುಗಳಲ್ಲಿ ಇದು ಗೊತ್ತಾಗುತ್ತದೆ. ಟೋಕಿನಾ ಗಟ್ಟಿಮುಟ್ಟಾದ ಲೆನ್ಸ್, ಕ್ಯಾನನ್ನಿನದಕ್ಕೆ ಕ್ಯಾಮೆರಾಕ್ಕೆ ಕೂರುವ ಬಳೆಯೂ ಪ್ಲಾಸ್ಟಿಕ್ಕಿನದು. ಕತ್ತಲ ಕಮಾನಿನ ಅಂಚು ಬೆಳ್ಳನೆಯ ಆಕಾಶಕ್ಕೆ ತಾಗುವ ಕಡೆ ನೇರಳೆ ಗೆರೆ ಮೂಡುವುದೂ, ಬಿಸಿಲು ನೇರ ಬಿದ್ದಾಗ ಬೆಳಕಿನ ಚುಕ್ಕೆಗಳು ಸಾಲಾಗಿ ಕಾಣುವುದೂ 11–16ರಲ್ಲಿ ಹೆಚ್ಚು. ನೇರಳೆ ಗೆರೆಯನ್ನು ರಾ ಕಡತದಲ್ಲಿ (ಕ್ಯಾಮೆರಾದ ಸಂಸ್ಕರಿಸದ ಮೂಲ ಕಡತ) ಬಹುಪಾಲು ಅಳಿಸಬಹುದು, ಚುಕ್ಕೆಗಳನ್ನು ಅಳಿಸುವುದು ಕಷ್ಟ. ಕ್ಯಾನನ್ ಲೆನ್ಸಿನ ಜೊತೆ ಹುಡ್ (ಓರೆ ಬೆಳಕು ತಡೆಯುವ ಮರೆ) ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಫಿಲ್ಟರ್ ಅಳತೆ ಟೋಕಿನಾಕ್ಕೆ 77 ಮಿ.ಮೀ., ಕ್ಯಾನನ್ನಿಗೆ 67. ತಮ್ಮ ಹಳೆಯ ಫಿಲ್ಟರುಗಳನ್ನು ಒಂದು ಸ್ಟೆಪ್-ಅಪ್ ರಿಂಗ್ (ಅಳತೆ ಹೊಂದಿಸುವ ಬಳೆ) ಹಾಕಿ ಬಳಸಬಹುದು, ಆದರೆ ಆಗ ಹುಡ್ ಕೂರುವುದಿಲ್ಲ. ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಅದನ್ನು ಇಷ್ಟು ಅಗಲವಾದ ನೋಟದಲ್ಲಿ ಆಕಾಶದ ಮೇಲೆ ಬಳಸದಿರುವುದೇ ಮೇಲು: ಸೂರ್ಯನಿಂದ 90 ಡಿಗ್ರಿ ದೂರದ ಆಕಾಶ ಮಾತ್ರ ಕಡುನೀಲಿಯಾಗಿ, ಉಳಿದದ್ದು ತೆಳುವಾಗಿ, ನಡುವೆ ಪಟ್ಟಿ ಬಳಿದಂತೆ ಕಾಣುತ್ತದೆ.

ಫುಲ್ ಫ್ರೇಮ್ ಸಲಹೆ ಕೊಟ್ಟ ಗೆಳೆಯರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಅದು ತಮ್ಮ ಪ್ರಶ್ನೆಗೆ ಉತ್ತರವಲ್ಲ. ಫುಲ್ ಫ್ರೇಮಿನಲ್ಲಿ 16 ಮಿ.ಮೀ. ನೋಡುವ ಅಗಲವೂ ತಮ್ಮ ಕ್ಯಾಮೆರಾದಲ್ಲಿ 10 ಮಿ.ಮೀ. ನೋಡುವ ಅಗಲವೂ ಒಂದೇ. ಅಲ್ಲಿ ಹೆಚ್ಚಾಗಿ ಸಿಗುವುದು ದೊಡ್ಡ ಸೆನ್ಸರಿನಿಂದ ಬರುವ ಸುಮಾರು ಒಂದೂಕಾಲು ಸ್ಟಾಪಿನ ಅನುಕೂಲ, ಮತ್ತು 35ರವರೆಗಿನ ಉಪಯುಕ್ತ ವ್ಯಾಪ್ತಿ. 2014ರಲ್ಲಿ ಬಂದ ಕ್ಯಾನನ್ ಇಎಫ್ 16–35 ಎಫ್ 4 ಐಎಸ್ ನಿಜವಾಗಿಯೂ ಉತ್ತಮ ಲೆನ್ಸ್. ಆದರೆ ಕ್ಯಾಮೆರಾ, ಲೆನ್ಸ್ ಎರಡನ್ನೂ ಕೊಳ್ಳುವ ಆ ವೆಚ್ಚವನ್ನು ಮದುವೆಯ ಕೆಲಸ ಬೇಡಿದರೆ ಮಾಡಿ, ಸ್ಮಾರಕಗಳ ಅಗಲಕ್ಕಾಗಿ ಮಾಡಬೇಡಿ. ಮುಂದೆಂದಾದರೂ ಆ ದಾರಿ ಹಿಡಿಯುವ ಯೋಚನೆಯಿದ್ದರೆ ಒಂದು ಮಾತು ನೆನಪಿರಲಿ: ಚಿಕ್ಕ ಸೆನ್ಸರಿಗೆಂದೇ ಮಾಡಿದ ಇಎಫ್-ಎಸ್ ಲೆನ್ಸ್ ಕ್ಯಾನನ್ನಿನ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಕೂರುವುದೇ ಇಲ್ಲ, ಟೋಕಿನಾ ಕೂರುತ್ತದೆ, 16 ಮಿ.ಮೀ. ತುದಿಯಲ್ಲಿ ಪೂರ್ತಿ ಚೌಕಟ್ಟನ್ನು ತುಂಬುತ್ತದೆ ಕೂಡ.

ನಿರ್ಧಾರಕ್ಕೆ ಬೇಕಾದ ಸಾಕ್ಷ್ಯ ತಮ್ಮ ಕಂಪ್ಯೂಟರಿನಲ್ಲೇ ಇದೆ. ಕಳೆದ ಒಂದು ವರ್ಷದಲ್ಲಿ ಟೋಕಿನಾದಿಂದ ತೆಗೆದ ಚಿತ್ರಗಳಲ್ಲಿ ತಾವು ಗಿರಾಕಿಗೆ ಕೊಟ್ಟವನ್ನೂ ತಮಗೇ ಮೆಚ್ಚುಗೆಯಾದವನ್ನೂ ಮಾತ್ರ ಆರಿಸಿ, ಪ್ರತಿಯೊಂದರ ಫೋಕಲ್ ಲೆಂತ್, ಅಪರ್ಚರ್, ಶಟರ್ ವೇಗವನ್ನು ನೋಡಿ. ಲೈಟ್‌ರೂಮಿನಂಥ ತಂತ್ರಾಂಶಗಳು ಈ ಆಧಾರದ ಮೇಲೆ ಚಿತ್ರಗಳನ್ನು ತಾವೇ ವಿಂಗಡಿಸಿ ಕೊಡುತ್ತವೆ. ಮದುವೆಯ ಚಿತ್ರಗಳಲ್ಲಿ 2.8 ಮೇಲಿಂದ ಮೇಲೆ ಕಾಣಿಸಿ, ಫ್ಲ್ಯಾಶ್ ಬಳಸದವೇ ಹೆಚ್ಚಾಗಿದ್ದರೆ ಟೋಕಿನಾವನ್ನು ಮಾರಬೇಡಿ; ಅದು ತಮಗೆ ದುಡಿದು ಕೊಡುತ್ತಿರುವ ಲೆನ್ಸ್. ಕ್ಯಾನನ್ ಲೆನ್ಸ್ ಅಗ್ಗದ್ದಾದ್ದರಿಂದ ಅದನ್ನು ಜೊತೆಗೆ ಕೊಳ್ಳಲು ಮುಂದೆ ಅವಕಾಶ ಬಂದೇ ಬರುತ್ತದೆ. ಬಹುಪಾಲು ಚಿತ್ರಗಳು 5.6, 8ರಲ್ಲಿದ್ದು, ಶಟರ್ ವೇಗ ಕಡಿಮೆಯಾಗಿ ಅಲುಗಿ ಹಾಳಾದವು ಕಸದ ಕಡತದಲ್ಲಿ ತುಂಬಿದ್ದರೆ ಧೈರ್ಯವಾಗಿ ಬದಲಿಸಿ. ಎಲ್ಲವೂ 16ರ ತುದಿಯಲ್ಲೇ ಗುಂಪುಗೂಡಿದ್ದರೆ ತಮಗೆ ಬೇಕಾಗಿರುವುದು ಅತಿ ವಿಶಾಲ ಲೆನ್ಸೇ ಅಲ್ಲ, 17ರಿಂದ 50ರ ಆಸುಪಾಸಿನ ಒಂದು ಒಳ್ಳೆಯ ಜೂಮ್. ತಮ್ಮ ಪತ್ರದ ಧಾಟಿಯಿಂದ ನಾನು ಊಹಿಸುವುದು ಎರಡನೆಯ ಸ್ಥಿತಿಯನ್ನು. ಆದರೆ ಊಹೆಗಿಂತ ಕಡತದ ಮಾತೇ ನಡೆಯಬೇಕು.

ಕೊಳ್ಳುವ ಮೊದಲು ಆ ಲೆನ್ಸನ್ನು ಒಂದು ದಿನ ಕೇಳಿ ತೆಗೆದುಕೊಳ್ಳಿ. ಕೋಟೆ ಗೋಡೆಯಂಥ ಸಮತಟ್ಟಾದ ಕಲ್ಲಿನ ಗೋಡೆಗೆ ನೇರ ಎದುರಾಗಿ ನಿಂತು, 10 ಮತ್ತು 18 ಎರಡರಲ್ಲೂ 5.6ರಲ್ಲಿ ಚಿತ್ರ ತೆಗೆದು, ನಾಲ್ಕು ಮೂಲೆಗಳನ್ನು ದೊಡ್ಡದು ಮಾಡಿ ಹೋಲಿಸಿ ನೋಡಿ. ನಾಲ್ಕೂ ಒಂದೇ ರೀತಿ ಸ್ವಲ್ಪ ಮೆತ್ತಗಿದ್ದರೆ ಚಿಂತೆಯಿಲ್ಲ; ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಜಾಗ ಬಿಟ್ಟು ಸರಿದಿದೆ ಎಂದರ್ಥ, ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿದಾಗ ಜೇಡನ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅದನ್ನೂ ಬಿಡಿ. ನಾಲ್ಕಾರು ಧೂಳಿನ ಕಣಗಳು ಕಂಡರೆ ಚಿತ್ರಕ್ಕೆ ಏನೂ ಆಗುವುದಿಲ್ಲ.

ಪ್ರಶ್ನೆ: ಬಾಗಲಕೋಟೆಯಲ್ಲಿ ಶಿಕ್ಷಕನಾಗಿದ್ದೇನೆ. ಕ್ಯಾನನ್ ಆರ್50 ಕ್ಯಾಮೆರಾಕ್ಕೆ ಅಡಾಪ್ಟರ್ (ಲೆನ್ಸ್ ಜೋಡಿಸುವ ಬಳೆ) ಹಾಕಿ ಹಳೆಯ ಇಎಫ್-ಎಸ್ 10–18 ಲೆನ್ಸ್ ಬಳಸುತ್ತಿದ್ದೇನೆ. ಹೊಸ ಆರ್‌ಎಫ್-ಎಸ್ 10–18ಕ್ಕೆ ಬದಲಾಯಿಸಿದರೆ ಚಿತ್ರಗಳು ಉತ್ತಮವಾಗುತ್ತವೆಯೆ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಚಿತ್ರದ ಗುಣಕ್ಕಾಗಿ ಬದಲಾಯಿಸಬೇಕಾಗಿಲ್ಲ. ನೋಡುವ ಅಗಲ ಒಂದೇ, ಕೈನಡುಕ ತಡೆಯುವ ವ್ಯವಸ್ಥೆ ಎರಡರಲ್ಲಿಯೂ ಇದೆ. ಆರ್50 ಕ್ಯಾಮೆರಾದ ಮೈಯಲ್ಲಿ ಆ ವ್ಯವಸ್ಥೆ ಇಲ್ಲದ್ದರಿಂದ ಲೆನ್ಸಿನಲ್ಲಿ ಇರುವುದು ಅಗತ್ಯವೂ ಹೌದು. 2023ರಲ್ಲಿ ಬಂದ ಹೊಸ ಲೆನ್ಸ್ ಜೂಮ್ ತುದಿಯಲ್ಲಿ ಎಫ್ 6.3ಕ್ಕೆ ಇಳಿಯುತ್ತದೆ, ಹಳೆಯದು 5.6ರಲ್ಲಿ ನಿಲ್ಲುತ್ತದೆ, ಬೆಳಕಿನ ಮಟ್ಟಿಗೆ ಹಳೆಯದೇ ಕೂದಲೆಳೆಯಷ್ಟು ಮುಂದು. ಹೊಸದರ ಲಾಭ ಭಾರದಲ್ಲಿದೆ: 240 ಗ್ರಾಂ ಲೆನ್ಸಿಗೆ ಸುಮಾರು 110 ಗ್ರಾಂ ಅಡಾಪ್ಟರ್ ಸೇರಿದಾಗ ಆಗುವ ತೂಕದ ಅರ್ಧಕ್ಕಿಂತ ಕಡಿಮೆ, ಅಂದರೆ 150 ಗ್ರಾಂ. ತೀರಾ ಹತ್ತಿರದ ವಸ್ತುವಿನ ಮೇಲೂ ಅದು ಫೋಕಸ್ ಮಾಡುತ್ತದೆ. ಮಕ್ಕಳನ್ನು ಐಹೊಳೆ, ಕೂಡಲಸಂಗಮಗಳಿಗೆ ಕರೆದೊಯ್ಯುವಾಗ ಚೀಲ ಹಗುರವಾಗಬೇಕೆಂಬ ಬಯಕೆಯಿದ್ದರೆ ಬದಲಾಯಿಸಿ, ಅದು ಸಣ್ಣ ಕಾರಣವೇನಲ್ಲ. ಹಗುರವಾದ ಲೆನ್ಸ್ ಮನೆಯಲ್ಲಿ ಉಳಿಯದೆ ಜೊತೆಗೆ ಬರುತ್ತದೆ. ಇಲ್ಲವಾದರೆ ಇರುವುದನ್ನೇ ಬಳಸಿ.

ಪ್ರಶ್ನೆ: ವಿಜಯಪುರದ ಓದುಗರಿಗೆ ತದ್ವಿರುದ್ಧ ಸಮಸ್ಯೆ ನನ್ನದು. ನನ್ನಲ್ಲಿ ಇಎಫ್-ಎಸ್ 10–18 ಐಎಸ್ ಇದೆ. ಖಾನಾಪುರದ ಕಡೆ ಊರ ದೀಪಗಳಿಲ್ಲದ ಜಾಗಗಳಲ್ಲಿ ಬೇಸಿಗೆಯ ರಾತ್ರಿ ಆಕಾಶಗಂಗೆಯನ್ನು ಚಿತ್ರಿಸುವ ಹವ್ಯಾಸ ಹಚ್ಚಿಕೊಂಡಿದ್ದೇನೆ. ಅದಕ್ಕಾಗಿ ಟೋಕಿನಾ 11–16 ಎಫ್ 2.8ಕ್ಕೆ ಹೋಗಲೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಹೋಗಬಹುದು, ತಾವು ಹೇಳಿದ ಕೆಲಸಕ್ಕೆ ಅದೇ ಸರಿಯಾದ ದಿಕ್ಕು. ಟ್ರೈಪಾಡಿನ ಮೇಲೆ ಕೂತ ಕ್ಯಾಮೆರಾಕ್ಕೆ ನಡುಕ ತಡೆಯುವ ವ್ಯವಸ್ಥೆಯಿಂದ ಏನೂ ಪ್ರಯೋಜನವಿಲ್ಲ, ನಕ್ಷತ್ರಗಳ ಚಲನೆಯನ್ನು ಅದು ತಡೆಯಲಾರದು. ಶಟರನ್ನು ಎಷ್ಟು ಹೊತ್ತು ತೆರೆದಿಡಬಹುದು ಎಂಬುದಕ್ಕೆ ಸ್ಥೂಲವಾದ ಒಂದು ಸೂತ್ರವಿದೆ: 500 ಅನ್ನು ಫೋಕಲ್ ಲೆಂತ್ ಮತ್ತು 1.6ರ (ಫುಲ್ ಫ್ರೇಮ್ ಸೆನ್ಸರ್ ತಮ್ಮ ಸೆನ್ಸರಿಗಿಂತ ಎಷ್ಟು ಪಟ್ಟು ಅಗಲ ಎಂಬ ಸಂಖ್ಯೆ) ಗುಣಲಬ್ಧದಿಂದ ಭಾಗಿಸಿದಾಗ ಬರುವಷ್ಟು ಸೆಕೆಂಡು. 11 ಮಿ.ಮೀ.ಗೆ ಅದು ಸುಮಾರು 28 ಸೆಕೆಂಡು. ಈಗಿನ 24 ಮೆಗಾಪಿಕ್ಸೆಲ್ ಸೆನ್ಸರುಗಳಲ್ಲಿ ಅಷ್ಟು ಹೊತ್ತಿಗೆ ಚುಕ್ಕೆಗಳು ಸ್ವಲ್ಪ ಎಳೆದಂತೆ ಕಾಣುವುದರಿಂದ 20ಕ್ಕೇ ನಿಲ್ಲಿಸುವುದು ವಾಸಿ. ಸಮಯ ಹೀಗೆ ಕಟ್ಟಿಹೋದ ಮೇಲೆ ಬೆಳಕನ್ನು ಹೆಚ್ಚಿಸಲು ಉಳಿಯುವುದು ಅಪರ್ಚರ್ ಒಂದೇ, ಅಲ್ಲಿ 2.8 ಲೆನ್ಸ್ 4.5 ಲೆನ್ಸಿಗಿಂತ ಸುಮಾರು 2.6 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ.

ಆದರೆ ಹಗಲಿನ ಕೆಲಸಕ್ಕೆ 10–18 ತಮಗೆ ಒಗ್ಗಿದ್ದರೆ ಅದನ್ನು ಮಾರದೆ, ಸ್ಯಾಮ್‌ಯಾಂಗ್ 16 ಮಿ.ಮೀ. ಎಫ್ 2.0 ಲೆನ್ಸನ್ನು ಜೊತೆಗೆ ಕೊಳ್ಳುವುದನ್ನೂ ಪರಿಶೀಲಿಸಿ. ಅದರಲ್ಲಿ ಫೋಕಸನ್ನು ಕೈಯಿಂದಲೇ ಮಾಡಬೇಕು. ರಾತ್ರಿಯ ಆಕಾಶಕ್ಕೆ ಎಲ್ಲ ಲೆನ್ಸುಗಳಲ್ಲಿಯೂ ಹಾಗೆಯೇ ಮಾಡಬೇಕಾದ್ದರಿಂದ ಅದೊಂದು ಕೊರತೆಯಲ್ಲ. 2.8ಕ್ಕಿಂತ ಇಮ್ಮಡಿ ಬೆಳಕು ಅದರಲ್ಲಿ ಸಿಗುತ್ತದೆ, ಅಗಲ ಮಾತ್ರ ಕಡಿಮೆ, ಶಟರ್ ಸಮಯವೂ ಸೂತ್ರದ ಪ್ರಕಾರ ಸುಮಾರು 19 ಸೆಕೆಂಡಿಗೆ ಇಳಿಯುತ್ತದೆ. ಯಾವುದನ್ನೇ ಕೊಂಡರೂ ಲೈವ್ ವ್ಯೂನಲ್ಲಿ ಹೊಳಪಾದ ಒಂದು ನಕ್ಷತ್ರವನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ರಿಂಗ್ ತಿರುಗಿಸಿ, ಆಮೇಲೆ ರಿಂಗ್ ಜರುಗದಂತೆ ಒಂದು ತುಂಡು ಟೇಪ್ ಅಂಟಿಸಿಬಿಡಿ.